ಹೂಂಗುಟ್ಟುವುದು ನಿಲ್ಲುವ ಜಾಗ

ರಾಯಚೂರು, ೧೪-೨-೧೯೪೪, ಸೋಮವಾರ

ನನ್ನ ಕಥೆಯನ್ನು ಇಂದು ಕಂಪನಿಯವರು ನಾಟಕವಾಡಿದರು. ಆಡಿ ಕೆಡಿಸಿದರು.

ಉಣ್ಣಲು ಬಂದು ಕೂತ, ಮಗನನ್ನು ಕೊಂದವನ ಹೆಗಲ ಮೇಲೆ ಮಗನದೇ ಕಂಬಳಿ ಕಂಡೂ ತಾಯಿ ಅವನ ತಾಟಿಗೆ ರೊಟ್ಟಿ ಹಾಕುತ್ತಾಳೆ. ಕಥೆಯ ಶಿಖರ ಅದೇ. ನಮ್ಮೂರು ಅರಕೇರಾದಲ್ಲಿ ನಾನು ಹೇಳುವಾಗ, ಎದುರಿಗೆ ಕೂತು ಹೂಂಗುಟ್ಟುವ ಹೆಂಡತಿ ಮಾನಮ್ಮ ಅಲ್ಲಿಗೆ ಬಂದರೆ ಹೂಂ ಅನ್ನುವುದನ್ನೇ ಮರೆಯುತ್ತಿದ್ದಳು.

ನಾಟಕ ಕಲಿಸುವ ಕಂಪನಿಯ ಗದ್ದೆಪ್ಪ ಮಾಸ್ತರರಿಗೆ ಇದನ್ನೇ ಹೇಳಿದ್ದೆ. ನಕ್ಕರು. "ಲೇ ಸೂಗಪ್ಪಾ, ರೊಟ್ಟಿಗಿ ಯಾರು ಚಪ್ಪಾಳಿ ಹೊಡಿತಾರ? ಮುದುಕಿ ಕೈಯಾಗ ಕತ್ತಿ ಕೊಡು!" ಒಪ್ಪಿಬಿಟ್ಟೆ.

ಕತ್ತಿ ಹಿರಿದಾಗ ಜನ ಎದ್ದು ಸಿಳ್ಳೆ ಹಾಕಿದರು. ಮುಂದಿನ ಸಾಲಿನಲ್ಲಿ ಮಾನಮ್ಮ ರೂಢಿಯಂತೆ ಹೂಂ, ಹೂಂ ಅನ್ನುತ್ತಿದ್ದಳು. ಪರದೆ ಬೀಳುವವರೆಗೂ ಅಂದಳು. ಒಮ್ಮೆಯೂ ಮರೆಯಲಿಲ್ಲ.