ಸೆರಗಿನ ಮೇಲಿನ ಹೆಲ್ಮೆಟ್

೧೧ ಫೆಬ್ರುವರಿ, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಗದಗಿನ ಅಂಗಡಿಯವ ನನ್ನ ತಲೆಯ ಅಳತೆಯನ್ನು ನಮ್ಮ ಮನೆಯವರನ್ನು ಕೇಳಿದ. ನನಗೆ ಬಿಗಿಯಾಗಿ ಕೂತದ್ದು ಕೆಂಪು ಹೆಲ್ಮೆಟ್. ಅತ್ತೆ ಬಿಡಲಿಲ್ಲ.

“ಬರೇ ತಲೀಲೆ ಊರಾಗ ಬರ್ತೀಯೇನವಾ? ಕಟ್ಟಿ ಮ್ಯಾಲ ಹಿರೇರು ಕುಂತಿರ್ತಾರ. ತಮ್ಮಾ, ಸೆರಗಿನ ಮ್ಯಾಲ ಹಿಡ್ಸೂದು ಕೊಡಪಾ.”

ಅಂಗಡಿಯವ ನಕ್ಕು ದೊಡ್ಡದು ಕೊಟ್ಟ. ಮನೆಯವರು ತಮ್ಮ ಹೆಲ್ಮೆಟ್ಟಿನ ಪಟ್ಟಿಯನ್ನು ನಾಲ್ಕು ಸಲ ಎಳೆದು ನೋಡಿದರು. ನನ್ನದಕ್ಕೆ, “ಹಿಂದ ಕುಂಡ್ರಾಕಿಗೆ ಇಷ್ಟ ಸಾಕು” ಅಂದರು. ಹಿಂದೆ ಕೂತವಳು ಬಿದ್ದರೆ ನೆಲ ಮೆತ್ತಗಾಗುತ್ತದೆಯೇ?

ಅತ್ತೆ ಬಸ್ಸಿಗೆ ಹೋದರು. ನಾವು ಗಾಡಿಯಲ್ಲಿ ನಮ್ಮೂರು ಹೊಂಬಳದ ದಾರಿ ಹಿಡಿದೆವು. ಒಂದು ಗುಂಡಿಯಲ್ಲಿ ಸೆರಗು ಜಾರಿ, ಹೆಲ್ಮೆಟ್ ಮೂಗಿನವರೆಗೆ ಇಳಿಯಿತು. ಏನೂ ಕಾಣದೆ ಅವರ ಅಂಗಿ ಹಿಡಿದೆ. “ಏ, ಅಂಗಿ ಹರಿತೈತಿ!” ಅಂದರು. ಅವರಿಗೆ ಅಂಗಿಯ ಚಿಂತೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅಂದುಬಿಟ್ಟೆ: “ಇದನ್ನ ಬದಲಿ ಮಾಡಿಸಿದ್ರಷ್ಟ ಗಾಡಿ ಹತ್ತತೀನ್ರಿ.” ಮದುವೆಯಾದ ಹತ್ತು ತಿಂಗಳಲ್ಲಿ ತಾಯಿ, ಮಗ ನನ್ನ ಧ್ವನಿ ಅಷ್ಟು ಜೋರಾಗಿ ಕೇಳಿರಲಿಲ್ಲ.

ದಾರಿಯಲ್ಲಿ ಆ ಕೆಂಪು ಹೆಲ್ಮೆಟ್ ಹಾಕಿಕೊಂಡು, ಊರು ಬರುವ ಮುಂಚೆ ಇಳಿದು, ಸೆರಗು ಹೊದ್ದು ನಡೆದು ಬರುತ್ತೇನೆ ಅಂದರೆ ಅತ್ತೆ ಒಪ್ಪಬಹುದು. ಇಲ್ಲ, ಅದನ್ನಾದರೂ ನಾನು ಯಾಕೆ ಅನ್ನಬೇಕು?