ಜೇನುಪೆಟ್ಟಿಗೆಯ ಮುಚ್ಚಳ

ಮಗಳೇ ಸುಕನ್ಯಾ,

ಮನೆ ಬಿಟ್ಟು ಹೋದ ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಎಸ್ಟೇಟಿನಲ್ಲಿ ಕೆಲಸ ಕಡಿಮೆಯಾಯಿತೆಂದು ಸರ್ಕಾರ ನಮ್ಮ ಸ್ತ್ರೀಶಕ್ತಿ ಸಂಘದವರಿಗೆಲ್ಲ ಜೇನುಪೆಟ್ಟಿಗೆ ಕೊಟ್ಟಿತು, ಹುಳದ ಸಮೇತ. ಬದುಕಿಗೆ ಅದೇ ಆಸರೆ ಅಂದುಕೊಂಡಿದ್ದೆ. ಇರುವೆ ಹತ್ತಿತೋ, ಚಳಿಯಾಯಿತೋ ಎಂದು ಹೆದರಿ ದಿನವೂ ಮುಚ್ಚಳ ತೆಗೆದು ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ತೆಗೆದರೆ ಪೆಟ್ಟಿಗೆ ಖಾಲಿ.

ತರಬೇತಿ ಕೊಟ್ಟ ಜವರಯ್ಯನವರು ಬಂದು ನೋಡಿ, "ಗಳಿಗೆಗೊಂದ್ಸಲ ಇಣುಕಿದ್ರೆ ಯಾವ ಹುಳ ನಿಲ್ತದೆ ಮಾರಾಯ್ತಿ? ಪೊಲೀಸ್ ಕಾಟ ಅಂದ್ಕೊಂಡು ಓಡಿದ್ವು" ಎಂದು ನಕ್ಕರು. ನನಗೆ ನಗು ಬರಲಿಲ್ಲ, ನೀನಿದ್ದಾಗ ನಿನ್ನ ಟ್ರಂಕನ್ನೂ ಹೀಗೇ ದಿನವೂ ತೆಗೆದು ನೋಡುತ್ತಿದ್ದದ್ದು ನೆನಪಾಯಿತು.

ಹುಳ ತಾವಾಗಿಯೇ ಬಂದರೂ ಬರಬಹುದಂತೆ. ಪೆಟ್ಟಿಗೆಯನ್ನು ಹಲಸಿನ ಮರದಡಿ ಹಾಗೇ ಇಟ್ಟಿದ್ದೇನೆ, ಇಣುಕುವುದಿಲ್ಲ. ನೀನು ಬಿಟ್ಟುಹೋದ ಟ್ರಂಕನ್ನೂ ತೆರೆದಿಲ್ಲ ಮಗಳೇ, ನಿಜವಾಗಿಯೂ ತೆರೆದಿಲ್ಲ.