ಜ್ವರದಲ್ಲಿ ಆಡಿದ ಮಾತು

ಪುಟ್ಟಿ,

ಎದ್ದ ತಕ್ಷಣ ಕೂಗಾಡಬೇಡ, ನಿನ್ನಕ್ಕ ಎಲ್ಲೂ ಕಳೆದುಹೋಗಿಲ್ಲ. ನನ್ನ ಹೊಲಿಗೆ ಅಂಗಡಿ ತೆರೆಯೋಕೆ ಹೊರಟೆ. ಡಾಕ್ಟರು ಸ್ಕೂಟರ್ ಓಡಿಸಬೇಡಿ ಅಂದರೇ ಹೊರತು ಬಟ್ಟೆ ಹೊಲೀಬೇಡಿ ಅನ್ನಲಿಲ್ಲ. ನಡೆದೇ ಹೋಗ್ತೀನಿ. ಮಾಸ್ಕ್ ಹಾಕಿದ್ದೀನಿ, ಥರ್ಮಾಮೀಟರ್ ಚೀಲದಲ್ಲಿದೆ. ಮೈ ಬಿಸಿ ಅನ್ನಿಸಿದರೆ ಮೊದಲು ನಿನಗೇ ಫೋನ್ ಮಾಡ್ತೀನಿ.

ನನ್ನ ಹೊಲಿಗೆ ಮಷೀನು ಕೊಳ್ಳೋಕೆ ನೀನು ಗೊತ್ತು ಮಾಡಿದ ಆ ಮನುಷ್ಯ ಇವತ್ತು ಅಂಗಡಿ ಕೀ ಕೇಳ್ಕೊಂಡು ಬರ್ತಾನಲ್ಲ, ಕೀ ನನ್ನ ಹತ್ತಿರ ಇದೆ. "ಆಸ್ಪತ್ರೇಲಿ ನೀನೇ ಮಾರು ಅಂದೆಯಲ್ಲಕ್ಕಾ" ಅಂತ ರಾಗ ಎಳೀಬೇಡ. ಅಲ್ಲಿ ನನ್ನದೇ ರಕ್ತದ ಜೀವಕೋಶಗಳನ್ನ ಹೊರತೆಗೆದು, ಪಳಗಿಸಿ, ಕ್ಯಾನ್ಸರ್ ಮೇಲೆ ಛೂ ಬಿಟ್ಟರು. ಅವು ಜಗಳಕ್ಕಿಳಿದಾಗ ಮೈಯೆಲ್ಲ ಸುಡೋ ಜ್ವರ, ತಲೆಯೆಲ್ಲ ಕಲಸುಮೇಲೋಗರ. ಆವತ್ತು ಕತ್ತರಿ ತೋರಿಸಿದರೆ ಬಾಚಣಿಗೆ ಅಂದೆ. ನಿನ್ನನ್ನ ನರ್ಸಮ್ಮ ಅಂತ ಕರೆದೆ. ಅದನ್ನ ನಂಬಿ ನೀನೇನು ಇಂಜೆಕ್ಷನ್ ಚುಚ್ಚೋಕೆ ಬಂದೆಯಾ? ಮತ್ತೆ ಮಷೀನಿನ ಮಾತೊಂದನ್ನ ಯಾಕೆ ನಂಬಿದೆ?

ಹಾಲು ಕಾಯಿಸಿಟ್ಟಿದ್ದೀನಿ, ಕುಡಿ. ನನ್ನ ಕಾದು ಕಾದು ನೀನೇ ಕಡ್ಡಿಯಾಗಿದ್ದೀಯ.

ತಲೆ ನೆಟ್ಟಗಿದೆಯಾ ಅಂತ ನೋಡೋಕೆ ದಿನಾ ಬೆಳಿಗ್ಗೆ ನನ್ನ ಕೈಲಿ ಒಂದು ವಾಕ್ಯ ಬರೆಸ್ತೀಯಲ್ಲ. ಚಿಕ್ಕಂದಿನಲ್ಲಿ ನಿನ್ನ ಕಿವಿ ಹಿಂಡಿ ಕಾಪಿ ಬರೆಸಿದವಳು ನಾನು, ನೆನಪಿರಲಿ. ಇವತ್ತಿನ ವಾಕ್ಯ ಕೆಳಗಿದೆ. ಅಕ್ಷರ ಎಲ್ಲಾದರೂ ನಡುಗಿದೆಯಾ ನೋಡ್ಕೊ. ಡಾಕ್ಟರಿಗೂ ತೋರಿಸು, ಮಷೀನು ಕೇಳ್ಕೊಂಡು ಬರೋನಿಗೂ ತೋರಿಸು:

ನನ್ನ ಮಷೀನು ಮಾರಾಟಕ್ಕಿಲ್ಲ.